ಮೋಟಾರಿಗೆ ಅಪ್ಪ ಕಟ್ಟಿದ ಪೆಟ್ಟಿಗೆ

ಅಪ್ಪನ ಮೂರು ತಿಂಗಳ ದುಡಿಮೆಯನ್ನು ಕೊಟ್ಟು ನಾನು ಆ ಹಳೆಯ ಮೋಟಾರನ್ನು ಕೊಂಡೆ. ಕೊಟ್ಟದ್ದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ನಾನು ಯಾರ್ಯಾರನ್ನೋ ದೂರಿದ್ದೇನೆ. ಪರ್ಮಿಟ್ ಕೊಡುವ ಸಾರ್ಜೆಂಟನನ್ನು, ಹಟ್ಟಿಯ ಗೌಡರನ್ನು, ಹೊಸ ಲಾರಿ ತಂದವನನ್ನು, ಕೊನೆಗೆ ಊಟಿಯ ಮಂಜನ್ನು ಕೂಡ. ಈಗ ಬರೆಯಲು ಕೂತಾಗ ಮೊದಲ ಸಾಲಿಗೆ ಅವರು ಯಾರೂ ಬರಲಿಲ್ಲ.

ನಮ್ಮದು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದ ಆಚಾರಿ ಮನೆತನ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿಯ ಪೇಟೆಯ ಕೆಳಗೆ, ಕೆರೆಯ ಕಡೆ ಇಳಿಯುವ ಓಣಿಯಲ್ಲಿ ಒಂದು ಕೊಟ್ಟಿಗೆ ಹಾಕಿಕೊಂಡು ಎತ್ತಿನ ಗಾಡಿ ಮಾಡುತ್ತಿದ್ದನಂತೆ. ಅಪ್ಪ ಅದನ್ನೇ ಮುಂದುವರಿಸಿದ. ಘಾಟಿ ಇಳಿಯುವ ಗಾಡಿಯೆಂದರೆ ಬಯಲುಸೀಮೆಯ ಗಾಡಿಯಂತಲ್ಲ. ಗಾಲಿಯ ನಡುವಿನ ಕುಂಬದಿಂದ ಹಿಡಿದು ನೊಗ ಕಟ್ಟುವ ಮೂಕಿಯವರೆಗೆ ಎಲ್ಲವೂ ಇಳಿಜಾರನ್ನು ನೆನಪಿನಲ್ಲಿಟ್ಟುಕೊಂಡೇ ಆಗಬೇಕು. ಅಪ್ಪ ಮಾಡಿದ ಗಾಡಿ ಸೀಗೂರು ಘಾಟಿಯಲ್ಲಿ ಇಪ್ಪತ್ತು ವರ್ಷ ಇಳಿದು ಹತ್ತಿದ್ದೂ ಉಂಟು. ಕೆಲಸ ಮುಗಿದ ಮೇಲೆ ಗಾಡಿಯ ಪಕ್ಕದ ಹಲಗೆಯ ಅಂಚಿಗೆ ಉಳಿಯಿಂದ ಒಂದು ಬಳ್ಳಿ ಕೆತ್ತುತ್ತಿದ್ದ. ಎಲೆ, ಎಲೆ, ಮೊಗ್ಗು. ಮತ್ತೆ ಎಲೆ, ಎಲೆ, ಮೊಗ್ಗು. ಅವನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಆ ಬಳ್ಳಿಯೇ ಅವನ ಸಹಿ.

ನನಗೆ ಬುದ್ಧಿ ಬಲಿಯುವ ಹೊತ್ತಿಗೆ ಮೋಟಾರುಗಳು ಬಂದಿದ್ದವು. ಮೊದಲು ದೊರೆಗಳ ಕಾರು, ಆಮೇಲೆ ಬಸ್ಸು, ಆಮೇಲೆ ಟೀ ಪೆಟ್ಟಿಗೆ ಹೊರುವ ಲಾರಿ. ಗಾಡಿ ಕೇಳಿಕೊಂಡು ಬರುವವರು ಕಡಿಮೆಯಾದರು. ಅಪ್ಪ ಕುರ್ಚಿಯ ಕಾಲು ಸರಿ ಮಾಡಿದ, ಹೋಟೆಲಿಗೆ ಬೆಂಚು ಮಾಡಿದ. ಒಂದು ಚಳಿಗಾಲದಲ್ಲಿ ಇಂಗ್ಲಿಷರ ಇಗರ್ಜಿಗೆ ಹೆಣದ ಪೆಟ್ಟಿಗೆ ಮಾಡಿಕೊಟ್ಟ. ಅವತ್ತು ಮನೆಗೆ ಬಂದು ಸ್ನಾನ ಮಾಡಿ, ಊಟಕ್ಕೆ ಕೂತು, "ಗಾಲಿ ಇಲ್ದಿರೋ ಪೆಟ್ಟಿಗೆ ಮಾಡ್ದೆ ಕಣ್ಲಾ ಇವತ್ತು. ಅದೂ ಇಳಿಜಾರಿಗೇ ಹೋಯ್ತದ," ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ಕೊಟ್ಟಿಗೆಯ ಹಿಂಬದಿಯಲ್ಲಿ, ಅಟ್ಟಣೆಯ ಮೇಲೆ, ಅವನು ಒಂದಷ್ಟು ತೇಗದ ಹಲಗೆ ಜೋಡಿಸಿಟ್ಟಿದ್ದ. ಮಸಿನಗುಡಿ ಕಡೆಯ ಕಾಡಿನ ತೇಗ, ನನ್ನಷ್ಟೇ ವಯಸ್ಸಾದ ಒಣಗಿದ ಮರ. ಎಷ್ಟೇ ಜನ ಕೇಳಿದರೂ ಕೊಟ್ಟಿರಲಿಲ್ಲ. ಒಳ್ಳೆಯ ಗಾಡಿಯ ಕೆಲಸ ಬಂದಾಗ ಅಂತ ಹೇಳುತ್ತಿದ್ದ.

ನಾನು ಕೂನೂರಿನ ಒಂದು ಮೋಟಾರು ಶೆಡ್ಡಿಗೆ ಕೆಲಸ ಕಲಿಯಲು ಹೋದೆ. ನಾಲ್ಕು ವರ್ಷ ಅಲ್ಲಿದ್ದೆ. ಇಂಜಿನ್ ಬಿಚ್ಚಿ ಜೋಡಿಸುವುದು ಕಲಿತೆ, ಓಡಿಸುವುದನ್ನೂ ಕಲಿತೆ. ವಾಪಸು ಊಟಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. ಮದುವೆಯಾಗಿ ವರ್ಷವಾಗಿತ್ತು. ಅವ್ವ ತೀರಿಕೊಂಡು ಬಹಳ ದಿನವಾಗಿತ್ತು. ಅಕ್ಕ ಮದುವೆಯಾಗಿ ಮಸಿನಗುಡಿಗೆ ಹೋಗಿದ್ದಳು. ಮನೆಯಲ್ಲಿ ನಾವು ಮೂವರೇ.

ಕೂನೂರು ರಸ್ತೆಯ ಒಂದು ಟೀ ಎಸ್ಟೇಟಿನಲ್ಲಿ ಹಳೆಯ ದೊರೆ ಊರಿಗೆ ಹೊರಟುಹೋಗಿ ಹೊಸಬ ಬಂದಿದ್ದ. ಹಳೆಯ ದೊರೆಯ ಕಾರು ಕುದುರೆ ಲಾಯದಲ್ಲಿ ನಿಂತುಬಿಟ್ಟಿತ್ತು. ಮೇಲೆ ಮಡಚುವ ಬಟ್ಟೆಯ ಮಾಡು, ಹಿತ್ತಾಳೆಯ ದೀಪ, ಮುಂದೆ ಹ್ಯಾಂಡಲ್ ತಿರುವಿ ಎಬ್ಬಿಸುವ ಇಂಜಿನ್. ಮಾಡು ಕೊಳೆತಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ನಾನು ಇಂಜಿನ್ನಿನ ಮೇಲಿನ ಮುಚ್ಚಳ ಎತ್ತಿ ನೋಡಿದೆ. ನೀರು ಹೊಕ್ಕಿರಲಿಲ್ಲ. ಅಡಿಯ ಚಾಸಿಯ ಕಬ್ಬಿಣಕ್ಕೆ ತುಕ್ಕು ಮೇಲುಮೇಲಷ್ಟೆ. ಹಿಂಭಾಗ ಕತ್ತರಿಸಿ ಹೊರೆ ಹೊರುವ ಗಾಡಿ ಮಾಡಿದರೆ ಬೆಟ್ಟದಲ್ಲಿ ಬೇಸಾಯ ಮಾಡುವ ಬಡಗರ ಹಟ್ಟಿಗಳಿಂದ ಆಲೂಗೆಡ್ಡೆ ತರಬಹುದು ಅನ್ನುವುದು ಅಲ್ಲೇ, ಆ ಕೋಳಿಯ ಮುಂದೆ ನಿಂತಾಗಲೇ, ನನ್ನ ತಲೆಗೆ ಬಂತು.

ಹೊಸ ದೊರೆ ಬಂಗಲೆಯ ವರಾಂಡದಲ್ಲಿ ಕೂತಿದ್ದ. ನಾನು ಮೆಟ್ಟಿಲ ಕೆಳಗೆ ನಿಂತೆ. ನಡುವೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ದೊರೆ ಏನೋ ಹೇಳಿದ, ರೈಟರು ನನ್ನ ಕಡೆ ತಿರುಗಿದರು.

"ನಿಮ್ಮಪ್ಪ ಗಾಡಿ ಆಚಾರಿ ಅಲ್ಲವೇನಪ್ಪ? ಈ ಬಂಗಲೆಯ ಕಿಟಕಿ ಬಾಗಿಲೆಲ್ಲ ಹಾಳಾಗಿದೆ, ವರಾಂಡದ ಮರವೂ ಹೋಗಿದೆ. ಅವರು ಬಂದು ಎಲ್ಲಾ ಹೊಸದಾಗಿ ಮಾಡಿಕೊಟ್ಟರೆ ಆ ಕಾರು ತೊಗೊಂಡು ಹೋಗು ಅಂತಾರೆ. ಕೂಲಿ ಗೀಲಿ ಇಲ್ಲ. ಸರೀನಾ?"

"ಸರಿ ಸಾಮಿ," ಅಂದೆ. ಯೋಚನೆ ಕೂಡ ಮಾಡಲಿಲ್ಲ.

ಅಪ್ಪನಿಗೆ ಬಂಗಲೆಯಲ್ಲಿ ಕೆಲಸ ಇದೆ ಅಂತ ಮಾತ್ರ ಹೇಳಿದೆ. ಕೂಲಿ ಕೊನೆಯಲ್ಲಿ ಒಟ್ಟಿಗೆ ಕೊಡುತ್ತಾರೆ ಅಂದೆ. ಬಹಳ ದಿನದ ಮೇಲೆ ದೊಡ್ಡ ಕೆಲಸ ಬಂದದ್ದಕ್ಕೆ ಅವನಿಗೆ ಸಂತೋಷವಾಯಿತು. ಅದು ಮಳೆಗಾಲ. ಮಂಜು ಕವಿದು ಹತ್ತು ಮಾರು ದೂರದ ಟೀ ಗಿಡ ಕಾಣುತ್ತಿರಲಿಲ್ಲ. ಹಸಿ ಗಾಳಿಗೆ ಮರ ಉಬ್ಬುತ್ತದೆಂದು ಅಪ್ಪ ಒಂದೊಂದು ಚೌಕಟ್ಟನ್ನೂ ಅಡುಗೆಮನೆಯ ಬಿಸಿಯಲ್ಲಿ ಎರಡೆರಡು ದಿನ ಇಟ್ಟು ಆಮೇಲೆ ಕೂರಿಸುತ್ತಿದ್ದ. ಎಸ್ಟೇಟಿನ ಕೂಲಿಗಳ ಒಂದು ಖಾಲಿ ಲೈನು ಮನೆಯಲ್ಲಿ ಮಲಗುತ್ತಿದ್ದ. ನಾನು ವಾರಕ್ಕೊಮ್ಮೆ ರಾಗಿಹಿಟ್ಟು ಕೊಂಡೊಯ್ದು ಕೊಟ್ಟು, ಅವನ ಕಣ್ಣು ತಪ್ಪಿಸಿ ಲಾಯಕ್ಕೆ ಹೋಗಿ ಆ ಕಾರನ್ನು ಮುಟ್ಟಿ ನೋಡಿ ಬರುತ್ತಿದ್ದೆ.

ಕೆಲಸ ಮುಗಿದ ದಿನ ನಾನು ಬಾಡಿಗೆಗೆ ಒಂದು ಜೊತೆ ಎತ್ತು ಹಿಡಿದುಕೊಂಡು ಹೋಗಿದ್ದೆ, ಕಾರನ್ನು ಎಳೆಸಿಕೊಂಡು ಬರಲು. ಅಪ್ಪನಿಗೆ ಅದಕ್ಕೆ ಮೊದಲೇ ಹೇಳಿಬಿಡಬೇಕೆಂದಿದ್ದೆ. ಆದರೆ ನಾನು ಹೋಗುವ ಹೊತ್ತಿಗೆ ಅವನು ಉಪಕರಣಗಳನ್ನೆಲ್ಲ ತೊಳೆದು ಚೀಲಕ್ಕೆ ಹಾಕಿ, ತಲೆಗೆ ಹೊಸ ವಸ್ತ್ರ ಸುತ್ತಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತಾಗಿತ್ತು.

"ಕೂಲಿಯಾ?" ಅಂತ ರೈಟರು ಕೇಳಿದ್ದು ನನಗೆ ಹೊರಗಿನಿಂದಲೇ ಕೇಳಿಸಿತು. "ನಿಮ್ಮ ಮಗ ಕಾರು ತೊಗೊಂಡ ಮೇಲೆ ಕೂಲಿ ಎಲ್ಲಿಂದ ಬರುತ್ತೆ ಆಚಾರಿ? ಮೊದಲೇ ಮಾತಾಗಿದೆಯಲ್ಲ."

ಅಪ್ಪ ಈಚೆ ಬಂದ. ಎತ್ತುಗಳನ್ನು ನೋಡಿದ, ಹಗ್ಗ ಕಟ್ಟಿದ್ದ ಕಾರನ್ನು ನೋಡಿದ, ನನ್ನನ್ನು ನೋಡಿದ.

"ಯಾಕ್ಲಾ, ನನ್ನ ಕೇಳಿದ್ರೆ ನಾನು ಆಗಲ್ಲ ಅಂತಿದ್ನಾ?"

"ಅಂತಿದ್ದೆ ಅಪ್ಪ."

"ಅಂತಿದ್ದೆ," ಅಂತ ಅವನೂ ಹೇಳಿದ. ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ. ಊಟಿಗೆ ಏಳು ಮೈಲಿ ಏರು. ಎತ್ತುಗಳು ಕಾರನ್ನು ಎಳೆದುಕೊಂಡು ಮನೆ ಮುಟ್ಟುವ ಹೊತ್ತಿಗೆ ಅವನು ಉಂಡು ಮಲಗಿದ್ದ.

ಮುಂದಿನ ನಾಲ್ಕೈದು ತಿಂಗಳು ನಾನು ಇಂಜಿನ್ನಿನ ಜೊತೆ ಕಳೆದೆ. ಅಪ್ಪ ಕೊಟ್ಟಿಗೆಯ ಆ ಕೊನೆಯಲ್ಲಿ, ನಾನು ಈ ಕೊನೆಯಲ್ಲಿ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಹೂಂ ಉಹೂಂ ಅನ್ನುತ್ತಿದ್ದ. ನಾನು ಹಿಂದಿನ ಸೀಟು ಕಿತ್ತೆ. ಒಳಗಿದ್ದ ಕುದುರೆ ಕೂದಲಿನಲ್ಲಿ ಇಲಿ ಸಂಸಾರ ಮಾಡಿತ್ತು. ಮುಂದಿನ ಸೀಟಿನ ಹಿಂದಕ್ಕೆ ತಗಡನ್ನು ಗರಗಸ ಹಿಡಿದು ಕೊಯ್ದೆ. ಮೂರು ದಿನ ಕೊಯ್ದರೂ ಮುಗಿಯಲಿಲ್ಲ. ಓಣಿಯವರು ಆ ಸದ್ದಿಗೆ ಬೈದರು. ಪಿಸ್ಟನ್‌ಗಳನ್ನು ತೆಗೆದು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ವಾಲ್ವುಗಳನ್ನು ಕೈಯಲ್ಲೇ ಉಜ್ಜಿ ಕೂರಿಸಿದೆ, ರೇಡಿಯೇಟರಿನ ತೂತುಗಳಿಗೆ ಬೆಸುಗೆ ಹಾಕಿಸಿದೆ. ತಿರುವುವಾಗ ಹ್ಯಾಂಡಲ್ ಹಿಂದಕ್ಕೆ ಬಡಿದು ಒಮ್ಮೆ ಮಣಿಕಟ್ಟು ಊದಿಕೊಂಡಾಗ ಅಪ್ಪ ಎದ್ದು ಬಂದು ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ. ಮತ್ತೆ ತನ್ನ ಕೊನೆಗೆ ಹೋಗಿ ಕೂತ. ಒಂದು ಬೆಳಿಗ್ಗೆ ಇಂಜಿನ್ ಎದ್ದುಕೊಂಡಿತು. ಕೊಟ್ಟಿಗೆಯ ತುಂಬಾ ಹೊಗೆ. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಅಪ್ಪ ಹಲಗೆ ನುಣುಪು ಮಾಡಲು ತೋಪಡ ಹೊಡೆಯುತ್ತಿದ್ದವನು ತಲೆ ಎತ್ತದೆ ಹೊಡೆಯುತ್ತಲೇ ಇದ್ದ.

ಹಿಂದೆ ಹೊರೆ ತುಂಬುವ ಪೆಟ್ಟಿಗೆ ಕಟ್ಟುವುದು ಮಾತ್ರ ಉಳಿದಿತ್ತು. ನನಗೆ ಮರದ ಕೆಲಸ ಅಷ್ಟಕ್ಕಷ್ಟೆ.

ಆಗ ಕುಂದಾ ಕಡೆಯ ಒಂದು ಹಟ್ಟಿಯ ಗೌಡರು ಬಂದರು. ವಯಸ್ಸಾದವರು, ಬಿಳಿ ಹೊದಿಕೆ, ಬಿಳಿ ರುಮಾಲು. ಅವರ ಹಟ್ಟಿಯ ಗಾಡಿಗಳೆಲ್ಲ ಅಪ್ಪ ಮಾಡಿದವೇ. ನಾನು ಮೋಟಾರಿನಲ್ಲಿ ಹೊರೆ ಹೊರುತ್ತೇನೆಂಬ ಸುದ್ದಿ ಕೇಳಿ ಬಂದಿದ್ದರು. ಮೋಟಾರಿನ ಸುತ್ತ ಒಂದು ಸುತ್ತು ಬಂದು, ನನ್ನನ್ನು ಬಿಟ್ಟು, ಅಪ್ಪನ ಹತ್ತಿರ ಹೋಗಿ ಕೂತರು.

"ಆಚಾರೀ, ಎಂಗ ಹಟ್ಟಿ ಗೆಡ್ಡೆ ಎಲ್ಲಾ ನಿಮ್ಮ ಮಗನಿಗೇ ಕೊಡ್ತೀವಿ. ಆದರೆ ಹಿಂದಿನ ಪೆಟ್ಟಿಗೆ ನೀವು ಕಟ್ಟಬೇಕು. ಈ ಕಬ್ಬಿಣದ ಮಾತು ಎನಗ ತಿಳಿಯದು. ನಿಮ್ಮ ಮರ ತಿಳಿಯುತ್ತೆ."

ಅಪ್ಪ ಬಹಳ ಹೊತ್ತು ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ನೋಡುತ್ತ ಕೂತಿದ್ದ. ಆಮೇಲೆ ಎದ್ದು ಅಟ್ಟಣೆಗೆ ಏಣಿ ಹಾಕಿದ. ಆ ತೇಗವನ್ನು ಕೆಳಗಿಳಿಸಿದ.

ಆ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಮತ್ತೆ ಮಾತು ಬಂತು. ಅಪ್ಪ ಮೊದಲ ದಿನ ಚಾಸಿಯ ಕೆಳಗೆ ಮಲಗಿ, ಅಚ್ಚು, ಸ್ಪ್ರಿಂಗು ಎಲ್ಲವನ್ನೂ ಕೈಯಿಂದ ಸವರಿ ನೋಡಿ, "ಎತ್ತು ಮುಂದ್ಗಡೆ ಎಳೀತದ, ಇದು ಹಿಂದ್ಗಡೆಯಿಂದ ತಳ್ತದ. ಅಲ್ವೇನ್ಲಾ?" ಅಂದ. ನಾಲ್ಕು ವರ್ಷ ಶೆಡ್ಡಿನಲ್ಲಿ ಕಲಿತವರಿಗೂ ಅದು ಅಷ್ಟು ಬೇಗ ಹೊಳೆದಿರಲಿಲ್ಲ. ಕಚ್ಚು ಕೊರೆದು ಮರಕ್ಕೆ ಮರ ಕೂಡಿಸಿ, ಮರದ ಗೂಟವನ್ನೇ ಬಡಿದು, ಒಂದು ಮೊಳೆ ಬಳಸದೆ ತಳ ಕಟ್ಟಿದ. ಮೂಲೆಗಳಿಗೆ ಮಾತ್ರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಾಕಿದ. ಮೂಟೆಗಳು ಅಡ್ಡಡ್ಡ ಎರಡು ಸಾಲು ಕೂರಬೇಕೆಂದು ಅಗಲ ಹಿಡಿದ. ಅವನ ಅಳತೆಯ ಕೋಲು ಗಾಲಿಗಳಿಗಿಂತ ಎಷ್ಟೋ ಆಚೆ ಹೋದದ್ದನ್ನು ನಾನು ನೋಡಿದೆ.

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ಅಷ್ಟು ಅಗಲಕ್ಕೆ ಪರ್ಮಿಟ್ ಸಿಗುವುದು ಕಷ್ಟ ಅಂತ ಕೂನೂರಿನಲ್ಲಿ ಕಲಿತಿದ್ದೆ. ಅಷ್ಟು ದಪ್ಪ ತೇಗದ ಭಾರಕ್ಕೆ ಹಿಂದಿನ ಎರಡೇ ಗಾಲಿಗಿದ್ದ ಬ್ರೇಕು ಸಾಲದು ಅನ್ನುವುದೂ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅಪ್ಪ ಕೋಲನ್ನು ಹಿಂದಕ್ಕೆ ಸರಿಸುತ್ತಿದ್ದ, ಅಷ್ಟೆ. ಅವನಿಗೆ ಅಳತೆಯ ವಿಷಯದಲ್ಲಿ ಹಟವಿರಲಿಲ್ಲ. ಆದರೆ ಅವನು ಅಷ್ಟು ದಿನದ ಮೇಲೆ ನನ್ನ ಜೊತೆ ಮಾತಾಡುತ್ತಿದ್ದ. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕೊಟ್ಟಿಗೆಯ ಬಾಗಿಲು ತೆಗೆಯುತ್ತಿದ್ದ. ಈಗ ಬೇಡ, ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಕೊನೆಗೆ ಅವನು ಎರಡೂ ಬದಿಯ ಮೇಲಂಚಿಗೆ ಬಳ್ಳಿ ಕೆತ್ತಲು ಕೂತ. ಆಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ.

ಕೆಲಸ ಮುಗಿದಾಗ ಓಣಿಯವರೆಲ್ಲ ನೋಡಲು ಬಂದರು. ಮುಂದೆ ದೊರೆಯ ಕಾರಿನ ಮೂತಿ, ಹಿತ್ತಾಳೆಯ ದೀಪ. ಹಿಂದೆ ಅಪ್ಪನ ಗಾಡಿ. ಎಣ್ಣೆ ಕುಡಿದ ತೇಗ ಬಿಸಿಲಿಗೆ ಜೇನಿನ ಬಣ್ಣದಲ್ಲಿತ್ತು. ಅಪ್ಪ ದೂರದಲ್ಲಿ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅದೇ ವಾರ ಗುಂಡ್ಲುಪೇಟೆ ಕಡೆ ಅವನ ತಂಗಿಯ ಮನೆಯಲ್ಲಿ ಸಾವಾಯಿತು. ಅಪ್ಪ ಹದಿನೈದು ದಿನಕ್ಕೆಂದು ಹೋದ. ನಾನು ಮೋಟಾರನ್ನು ತಪಾಸಣೆಗೆ ಒಯ್ದೆ.

ಪರ್ಮಿಟ್ ನೋಡುವವನು ಒಬ್ಬ ಬಿಳಿಯ ಸಾರ್ಜೆಂಟು, ಕೆಂಪು ಮೀಸೆಯವನು. ಸುತ್ತ ನಡೆದ. ಟೇಪು ಹಿಡಿದ. ಬೆತ್ತದಿಂದ ಪೆಟ್ಟಿಗೆಯನ್ನು ಕುಟ್ಟಿ ನೋಡಿದ. ಜೊತೆಗಿದ್ದ ಕಾನ್‌ಸ್ಟೇಬಲ್ ನನಗೆ ತಿಳಿಸಿ ಹೇಳಿದ.

"ಎರಡೂ ಕಡೆ ನಾಲ್ಕೂವರೆ ನಾಲ್ಕೂವರೆ ಅಂಗುಲ ತೆಗೀಬೇಕಂತೆ. ಹಲಗೆ ತೆಳ್ಳಗಿರಬೇಕಂತೆ. ಇಷ್ಟು ಭಾರ ಹಾಕ್ಕೊಂಡು ಘಾಟಿ ಇಳಿದ್ರೆ ನೀನೊಬ್ನೇ ಸಾಯಲ್ಲ ಅಂತಾರೆ ದೊರೆ."

"ಎಷ್ಟು ದಿನದೊಳಗೆ?"

"ಇವತ್ತೇ ಮಾಡು, ಮುಂದಿನ ವರ್ಷ ಮಾಡು, ನಿನ್ನಿಷ್ಟ. ಮಾಡೋವರೆಗೂ ರಸ್ತೆಗೆ ಬರಬೇಡ."

ನನಗೆ ಅವಸರ ಮಾಡಿದವರು ಯಾರೂ ಇರಲಿಲ್ಲ. ಹಟ್ಟಿಯಲ್ಲಿ ಗೆಡ್ಡೆ ಕೀಳುತ್ತಿದ್ದರು, ನಿಜ. ಆದರೆ ಹದಿನೈದು ದಿನ ಅವರು ತಮ್ಮ ಗಾಡಿಗಳಲ್ಲೇ ಸಾಗಿಸಬಹುದಿತ್ತು. ಹೆಂಡತಿ ಕೂಡ ಅದನ್ನೇ ಅಂದಳು. "ಮಾವಯ್ಯ ಬರ್ಲಿ. ಅವರೇ ಬಿಚ್ಚಿ ಅವರೇ ಸಣ್ಣದು ಮಾಡ್ತಾರೆ. ನೀವು ಕೈ ಹಾಕ್ಬೇಡಿ." ಅವಳ ಮಾತಿಗೆ ನಾನು ರೇಗಿದೆ. ನಿಜವಾಗಿ ನನಗಿದ್ದದ್ದು ಭಯ. ಅಪ್ಪ ಬಂದು, 'ಈ ಅಳತೆ ನಿನಗೆ ಗೊತ್ತಿರ್ಲಿಲ್ವಾ?' ಅಂತ ಕೇಳಿದರೆ ಏನು ಹೇಳಲಿ? ಆ ಪ್ರಶ್ನೆಯ ಎದುರು ನಿಲ್ಲಲಾರದೆ ನಾನು ಗರಗಸ ಹಿಡಿದೆ.

ಮರದ ಗೂಟಗಳನ್ನು ಬಿಚ್ಚುವ ಉಪಾಯ ನನಗೆ ಗೊತ್ತಿರಲಿಲ್ಲ. ತಳದ ಅಡ್ಡಪಟ್ಟಿಗಳನ್ನು ಎರಡು ತುದಿಯಲ್ಲೂ ಹಾಗೇ ಕೊಯ್ದುಬಿಟ್ಟೆ. ಪಕ್ಕದ ಹಲಗೆಗಳು ಬಳ್ಳಿಯ ಸಮೇತ ಕೆಳಗೆ ಬಿದ್ದವು. ಅವುಗಳ ಜಾಗಕ್ಕೆ ಟೀ ಪೆಟ್ಟಿಗೆಯ ತೆಳು ಹಲಗೆ ತಂದು ಮೊಳೆ ಹೊಡೆದೆ. ಎರಡು ದಿನದಲ್ಲಿ ಎಲ್ಲಾ ಮುಗಿಯಿತು. ಸಾರ್ಜೆಂಟು ತಲೆ ಆಡಿಸಿದ. ಪರ್ಮಿಟ್ ಬಂತು.

ಇಳಿಜಾರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಅಡ್ಡ ಕೊಡಲು ಗಟ್ಟಿಯಾದ ಮರದ ಕೊರಡು ಬೇಕಿತ್ತು. ಕೊಯ್ದ ಹಲಗೆ ಎದುರಿಗೇ ಬಿದ್ದಿತ್ತು. ಅದನ್ನೇ ತುಂಡು ಮಾಡಿ ಒಂದರ ಮೇಲೊಂದು ಮೊಳೆ ಹೊಡೆದು ನಾಲ್ಕು ಕೊರಡು ಮಾಡಿಕೊಂಡೆ. ಆಗ ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಒಳ್ಳೆಯ ಮರ ಹಾಳಾಗಬಾರದು ಅಂತ ಇತ್ತು.

ಅಪ್ಪ ಬಂದ ದಿನ ನಾನು ಹಟ್ಟಿಯಿಂದ ಎರಡನೆಯ ಹೊರೆ ತಂದು ಮಾರ್ಕೆಟ್ಟಿನ ಏರಿನಲ್ಲಿ ನಿಲ್ಲಿಸಿದ್ದೆ. ಅವನು ಕೈಚೀಲ ಹಿಡಿದು ಬಸ್ಸಿಳಿದು ಆ ದಾರಿಯಲ್ಲೇ ನಡೆದು ಬಂದ. ದೂರದಿಂದ ಮೋಟಾರನ್ನು ನೋಡಿ ನಗುತ್ತಲೇ ಬಂದ. ಹತ್ತಿರ ಬಂದವನು ನಿಂತ. ನಾನು ಆಗತಾನೆ ಕಾಲಿನಿಂದ ಕೊರಡನ್ನು ಗಾಲಿಯ ಕೆಳಗೆ ಒದ್ದಿದ್ದೆ. ಒಂದು ಎಲೆ, ಒಂದು ಮೊಗ್ಗು, ಅರ್ಧ ಎಲೆ. ಅಲ್ಲಿಗೆ ಕಡಿದುಹೋಗಿತ್ತು. ಮೇಲೆಲ್ಲ ಕೆಸರು.

"ಸಾರ್ಜೆಂಟು ಅಗಲ ಜಾಸ್ತಿ ಆಯ್ತು ಅಂದ ಅಪ್ಪ," ಅಂದೆ.

"ಆಯ್ತದ."

"ನೀನು ಬರೋ ತನಕ ಕಾಯಕ್ಕಾಗ್ಲಿಲ್ಲ. ಗೆಡ್ಡೆ ಕಿತ್ತಿದ್ರು."

ಅವನು ಬಾಗಿ ಕೊರಡನ್ನು ಮುಟ್ಟಲು ಹೋದ. ಮೇಲೆ ಭಾರವಿದ್ದದ್ದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

"ಅಗಲ ಜಾಸ್ತಿ ಅಂತ ನಿಂಗೆ ಗೊತ್ತಿತ್ತಾ ಮಗ? ನಾನು ಕಟ್ಟೋವಾಗ?"

ನಾನು ಸುಳ್ಳು ಹೇಳಬಹುದಿತ್ತು. ಎಷ್ಟೋ ವರ್ಷ, ಅವತ್ತು ಸುಳ್ಳಾದರೂ ಹೇಳಿದ್ದರೆ ಚೆನ್ನಾಗಿತ್ತು ಅಂದುಕೊಂಡಿದ್ದೇನೆ. "ಗೊತ್ತಿತ್ತು," ಅಂದೆ.

"ಹಂಗಾದ್ರೆ ನಾನು ಕೆತ್ತೋದನ್ನ ಕೂತ್ಕೊಂಡು ನೋಡಿದೆ ನೀನು," ಅಂದ. ದನಿ ಏರಿಸಲಿಲ್ಲ. ಮಾರ್ಕೆಟ್ಟಿನ ಜನ ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ಮೂಟೆ ಇಳಿಸುವವರು ಬೇಗ, ಬೇಗ ಅನ್ನುತ್ತಿದ್ದರು.

ಮರುವಾರ ಅಪ್ಪ ಮಸಿನಗುಡಿಗೆ ಅಕ್ಕನ ಮನೆಗೆ ಹೊರಟ. ಚಳಿ ತಡೆಯಲಾಗುವುದಿಲ್ಲ, ಕೆಳಗೆ ಬೆಚ್ಚಗಿರುತ್ತದೆ ಅಂತ ಓಣಿಯವರಿಗೆ ಹೇಳಿದ. ಬಾಚಿ, ಉಳಿ, ಕೊಡತಿ, ತೋಪಡ ಎಲ್ಲ ಕಟ್ಟಿಕೊಂಡ. ನಾನು ಬಿಟ್ಟುಬರುತ್ತೇನೆ ಅಂದೆ. ಬೇಡ ಅಂದ. ಸೀಗೂರು ಕಡೆ ಹೋಗುವ ಯಾರದೋ ಖಾಲಿ ಗಾಡಿ ಹತ್ತಿಕೊಂಡು ಹೋದ. ನನ್ನ ಹೆಂಡತಿ ತಿರುವಿನವರೆಗೂ ಹಿಂದೆ ಹೋಗಿ ಅತ್ತು ಬಂದಳು. ಆ ದಿನದಿಂದ ಅವಳು ಮೋಟಾರನ್ನು ಒಮ್ಮೆಯೂ ಹತ್ತಲಿಲ್ಲ.

ಎರಡು ವರ್ಷ ಓಡಿಸಿದೆ. ಓಡಿತು ಅಂತ ಹೇಳುವುದಕ್ಕಿಂತ ಅದನ್ನು ನಾನು ಓಡಿಸಿದೆ ಅನ್ನಬೇಕು. ಏರಿನಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಪ್ರತಿ ತೊರೆಯಲ್ಲೂ ಡಬ್ಬಿಯಲ್ಲಿ ನೀರು ತುಂಬಬೇಕು. ಟೀ ಪೆಟ್ಟಿಗೆಯ ಹಲಗೆ ಮೊದಲ ಮಳೆಗೇ ಸೊಟ್ಟಗಾಯಿತು. ಮೂಟೆಗಳ ಒತ್ತಡಕ್ಕೆ ಬದಿಗಳು ಬಾಯಿ ಬಿಡುತ್ತಿದ್ದವು, ಗೆಡ್ಡೆ ದಾರಿಯುದ್ದಕ್ಕೂ ಉದುರುತ್ತಿತ್ತು. ತಿಂಗಳಿಗೊಮ್ಮೆ ಮೊಳೆ ಹೊಡೆದೆ, ಹಗ್ಗ ಬಿಗಿದೆ. ಕೆಳಗೆ ಅಪ್ಪ ಕಟ್ಟಿದ ತಳ ಮಾತ್ರ, ತುದಿ ಕೊಯ್ದಿದ್ದರೂ, ಒಂದು ಕೂದಲಿನಷ್ಟೂ ಅಲುಗಲಿಲ್ಲ.

ಅಷ್ಟರಲ್ಲಿ ಒಬ್ಬರು ಹೊಸ ಲಾರಿ ತಂದರು. ಅದು ನನ್ನದರ ಮೂರರಷ್ಟು ಹೊರುತ್ತಿತ್ತು. ಗೌಡರು ತಾವೇ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು, ಕುಡಿಯದೆ ಪಕ್ಕಕ್ಕಿಟ್ಟರು.

"ತಮ್ಮಾ, ಇನ್ನು ಮುಂದೆ ಎಂಗ ಹೊರೆ ಆ ಲಾರಿಗೆ."

"ಯಾಕೆ ಗೌಡರೆ? ಒಂದು ದಿನವಾದ್ರೂ ತಪ್ಪಿಸಿದ್ದೀನಾ?"

"ತಪ್ಪಿಸಿಲ್ಲ."

"ನೀವೇ ಮಾತು ಕೊಟ್ಟಿದ್ರಿ. ನನಗೇ ಕೊಡ್ತೀವಿ ಅಂದ್ರಿ."

"ನಿನಗ ಕೊಟ್ಟ ಮಾತಲ್ಲ ಅದು. ಆಚಾರಿ ಕಟ್ಟಿದ ಪೆಟ್ಟಿಗೆಗೆ ಕೊಟ್ಟದ್ದು. ಅದನ್ನ ಕೊಯ್ಯುವಾಗ ನೀನು ಎನ್ನ ಕೇಳಿದೆಯಾ?" ಅಂದರು. ಆಮೇಲೆ, ಸ್ವಲ್ಪ ಮೆತ್ತಗೆ, "ಕೋಪದಲ್ಲಿ ಹೇಳ್ತಿಲ್ಲ. ಗೆಡ್ಡೆ ಉದುರುತ್ತೆ ತಮ್ಮಾ. ಹೆಂಗಸರು ಅಷ್ಟು ಬಗ್ಗಿ ಕಿತ್ತ ಗೆಡ್ಡೆ," ಅಂದರು.

ನಾನು ಅವರ ಮೇಲೆ ಕೂಗಾಡಿದೆ. ಬಾಯಿಗೆ ಬಂದದ್ದು ಅಂದೆ. ಅವರು ಎದ್ದು ಹೊದಿಕೆ ಸರಿಮಾಡಿಕೊಂಡು ಹೋದರು.

ಒಂದು ವಾರ ಬಿಟ್ಟು ನಾನು ಮಸಿನಗುಡಿಗೆ ಹೋದೆ. ಸೀಗೂರು ಘಾಟಿಯ ಕಡಿದಾದ ಇಳಿತವನ್ನು ಆ ಬ್ರೇಕು ನಂಬಿ ಇಳಿಯುವ ಧೈರ್ಯವಾಗದೆ ಪೈಕಾರ, ಗೂಡಲೂರು ಸುತ್ತಿಕೊಂಡು ಇಡೀ ದಿನ ಓಡಿಸಿದೆ. ಅಪ್ಪ ಅಕ್ಕನ ಮನೆಯ ಮುಂದಿನ ಹುಣಸೆ ಮರದ ಕೆಳಗೆ ಕೂತು ಯಾರದೋ ನೇಗಿಲು ಕೆತ್ತುತ್ತಿದ್ದ. ಬಹಳ ಇಳಿದುಹೋಗಿದ್ದ. ಆ ಕಡೆಯ ಕಾಡುಜ್ವರ ಅವನಿಗೆ ಎರಡು ಸಲ ಬಂದು ಹೋಗಿತ್ತಂತೆ. ಅಕ್ಕ ನನಗೆ ಹೇಳಿ ಕಳಿಸಿರಲಿಲ್ಲ. ನಾನು ಹೋದದ್ದು ಅವನನ್ನು ನೋಡಲು ಅಂತ ಎಲ್ಲರಿಗೂ ಅನ್ನಿಸಿರಬೇಕು. ಊಟವಾದ ಮೇಲೆ ನಾನು ವಿಷಯಕ್ಕೆ ಬಂದೆ.

"ಅಪ್ಪ, ನೀನು ಬಂದು ಬದಿ ಎರಡೂ ಮತ್ತೆ ಕಟ್ಟಿಕೊಡು. ಸಾರ್ಜೆಂಟು ಹೇಳಿದ ಅಳತೆಗೇ ಕಟ್ಟು. ನೀನು ಕಟ್ಟಿದ್ದೀಯ ಅಂದ್ರೆ ಗೌಡರು ವಾಪಸು ಬರ್ತಾರೆ."

"ಯಾವ ಮರದಲ್ಲಿ ಕಟ್ಲಿ?"

ನಾನು ಬಾಗಿಲಾಚೆ ನಿಂತಿದ್ದ ಮೋಟಾರಿನ ಕಡೆ ತಿರುಗಿದೆ.

"ಇಲ್ಲಿಯವ್ರು ನೇಗಿಲು ಕೇಳ್ತಾರೆ, ನೊಗ ಕೇಳ್ತಾರೆ," ಅಂದ. "ಕೊಡ್ತೀನಿ, ಕೊಂಡೋಯ್ತಾರೆ. ಆಮ್ಯಾಕೆ ಅದನ್ನ ಏನ್ ಮಾಡ್ಕತಾರೋ ನಾನು ನೋಡಕ್ಕೋಗಲ್ಲ. ನಿನ್ ಕೆಲಸ ಮಾಡಿದ್ರೆ ದಿನಾ ನೋಡ್ಬೇಕಾಯ್ತದ. ಬುಡು ಮಗ."

ಅಕ್ಕ ನನ್ನನ್ನು ಹೊರಗೆ ಕರೆದು, "ಜ್ವರದಿಂದ ಎದ್ದವನ ಹತ್ರ ಇದನ್ನ ಕೇಳಕ್ಕೆ ಬಂದ್ಯಾ?" ಅಂದಳು. ಅಪ್ಪನನ್ನು ಊಟಿಗೆ ಕರೆದುಕೊಂಡು ಹೋಗುತ್ತೇನೆ, ದೊಡ್ಡಾಸ್ಪತ್ರೆಯಲ್ಲಿ ತೋರಿಸುತ್ತೇನೆ ಅಂತ ನಾನು ಹೇಳಬಹುದಿತ್ತು. ಮೋಟಾರು ಬಾಗಿಲಲ್ಲೇ ನಿಂತಿತ್ತು. ನನಗೆ ಮುಖಭಂಗವಾದಂತಾಗಿತ್ತು. ಆ ಸಿಟ್ಟಿನಲ್ಲಿ ಹ್ಯಾಂಡಲ್ ತಿರುವಿ ಹೊರಟುಬಂದೆ.

ಪೈಕಾರದಲ್ಲಿ ಆಗ ನೀರಿನಿಂದ ಕರೆಂಟು ತೆಗೆಯುವ ಕೆಲಸ ನಡೆಯುತ್ತಿತ್ತು. ಅಲ್ಲಿನ ಒಬ್ಬ ಗುತ್ತಿಗೆದಾರನಿಗೆ ಮೋಟಾರನ್ನು ಮಾರಿದೆ. ಅವನಿಗೆ ಗಾಡಿ ಬೇಕಿರಲಿಲ್ಲ. ಇಂಜಿನ್ನನ್ನು ಬಿಚ್ಚಿಸಿ, ಗುಂಡಿಯಲ್ಲಿ ತುಂಬುವ ನೀರು ಎತ್ತಲು ಪಂಪಿಗೆ ಜೋಡಿಸಿದ. ಚಾಸಿಯನ್ನು ಅಡ್ಡ ಮಲಗಿಸಿ ಮಣ್ಣು ಜಾರದಂತೆ ತಡೆ ಮಾಡಿದ. ತಳದ ತೇಗ ಕೂಲಿಗಳ ಒಲೆಗೆ ಹೋಯಿತು. ಅದನ್ನು ಒಡೆಯಲು ಇಬ್ಬರಿಗೆ ಅರ್ಧ ದಿನ ಹಿಡಿಯಿತು. ಆ ಇಂಜಿನ್ ನನ್ನ ಕೈಗಲ್ಲದೆ ಬೇರೆಯವರ ಕೈಗೆ ಏಳುತ್ತಿರಲಿಲ್ಲವಾದ್ದರಿಂದ ಅದರ ಜೊತೆಗೆ ನನ್ನನ್ನೂ ಕೆಲಸಕ್ಕೆ ಇಟ್ಟುಕೊಂಡ. ಬೆಳಿಗ್ಗೆ ಎಬ್ಬಿಸುವುದು, ಸಂಜೆ ನಿಲ್ಲಿಸುವುದು, ನಡುವೆ ಅದರ ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಕೂತಿರುವುದು.

ಅಲ್ಲಿಗೇ ಸುದ್ದಿ ಬಂತು. ಮೂರನೆಯ ಸಲ ಬಂದ ಜ್ವರ ಇಳಿಯಲೇ ಇಲ್ಲವಂತೆ. ನಾನು ಮಸಿನಗುಡಿ ಮುಟ್ಟಿದಾಗ ಅಪ್ಪ ಹೋಗಿ ಮೂರು ದಿನವಾಗಿತ್ತು. ಮಣ್ಣು ಮಾಡಿಯಾಗಿತ್ತು. ಅಕ್ಕ ಬಾಗಿಲಲ್ಲೇ ಕೂತಿದ್ದಳು. ಕಾಲು ತೊಳೆಯಲು ನೀರು ಕೊಟ್ಟಳು. ಕಾಲು ತೊಳೆದುಕೊಂಡು ಅವಳ ಪಕ್ಕ ಕೂತು ಕೇಳಿದೆ.

"ಕೊನೇಲಿ ಏನಾದ್ರೂ ಅಂದ್ನಾ ಅಕ್ಕ?"

"ಅಂದ. ಪಕ್ಕದ ಹೊಲದವ್ರ ನೇಗಿಲು ಅರ್ಧ ಆಗ್ಯದ, ಹಸೀ ಮರ, ಬಿಸಿಲಿಗೆ ಬುಡಬ್ಯಾಡ ಸೀಳ್ತದ ಅಂದ."

"ನನ್ನ ವಿಷಯ?"

ಅಕ್ಕ ನನ್ನ ಮುಖವನ್ನೇ ನೋಡಿದಳು. ಏನಾದರೂ ಕಟ್ಟಿ ಹೇಳೋಣವೇ ಅಂತ ಅವಳು ಯೋಚಿಸುತ್ತಿದ್ದದ್ದು ನನಗೆ ಕಾಣಿಸಿತು. ಅವಳೂ ಅಪ್ಪನ ಮಗಳೇ. "ಇಲ್ಲ," ಅಂದಳು.

ನಾನು ಎದ್ದು ಹುಣಸೆ ಮರದ ಹತ್ತಿರ ಹೋದೆ. ನೇಗಿಲು ಅಲ್ಲಿರಲಿಲ್ಲ. ಪಕ್ಕದ ಹೊಲಕ್ಕೆ ಹೋಗಿ ಆ ರೈತನನ್ನು ಕೇಳಿದೆ. ಉಳಿದದ್ದನ್ನು ನಾನು ಮುಗಿಸಿಕೊಡುತ್ತೇನೆ, ನನಗೆ ಏನೂ ಬೇಡ ಅಂದೆ. ಅವನು ಒಳ್ಳೆಯವನೇ. ಸಂಕೋಚಪಡುತ್ತ ಹೇಳಿದ.

"ಮಳೆ ಹತ್ರ ಬಂತಲ್ಲ ಅಣ್ಣ, ಕಾಯಕ್ಕಾಗ್ಲಿಲ್ಲ. ನಿನ್ನೇನೇ ಬೇರೆ ಆಚಾರಿಗೆ ಕೊಟ್ಬುಟ್ಟೆ."

"ಒಳ್ಳೇದಾಯ್ತು," ಅಂದು ನಾನು ಹೊಲದ ಬದುವಿನ ಮೇಲೆ ನಡೆದು ರಸ್ತೆಗೆ ಬಂದೆ. ಘಾಟಿ ಹತ್ತುವ ಗಾಡಿ ಯಾವುದೂ ಇರಲಿಲ್ಲ. ನಡೆದೇ ಹತ್ತಿದೆ.